ಎದುರಿನ ಹುಲ್ಲುಗಾವಲಿಗೆ ಹೊಸ 'ಮಡ್': ಶಾಸನಸಭೆಯ ಮಸೂದೆಯಿಂದ ಡಿಸ್ಟ್ರಿಕ್ಟ್ ಹುಟ್ಟುವುದು ಹೇಗೆ?

ತುಂಗಾತೀರ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವು ಹ್ಯೂಸ್ಟನ್ನಿನ ಪಶ್ಚಿಮ ಅಂಚಿನಲ್ಲಿ, ಫೋರ್ಟ್ ಬೆಂಡ್ ಕೌಂಟಿಯ ಒಂದು ಬಡಾವಣೆಯಲ್ಲಿ ನಾಲ್ಕು ವರ್ಷಗಳಿಂದ ವಾಸವಾಗಿದ್ದೇವೆ. ಈ ಪ್ರದೇಶ ಯಾವ ನಗರದ ಆಡಳಿತಕ್ಕೂ ಸೇರಿಲ್ಲ. ನೀರು, ಒಳಚರಂಡಿ, ಮಳೆನೀರಿನ ಕಾಲುವೆ ಇವೆಲ್ಲವನ್ನೂ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್, ಅಂದರೆ ಇಲ್ಲಿಯವರು 'ಮಡ್' ಎಂದು ಕರೆಯುವ ಸಂಸ್ಥೆ ನೋಡಿಕೊಳ್ಳುತ್ತದೆ. ಊರಿನಲ್ಲಿರುವ ನಮ್ಮ ಅತ್ತೆಯವರಿಗೆ ಇದನ್ನು ಹೇಳಿದಾಗ, "ಅಲ್ಲಿ ಕೆಸರಿಗೂ ತೆರಿಗೆ ಕಟ್ಟುತ್ತೀರಾ?" ಎಂದು ಕೇಳಿದ್ದರು.

ಈಗಿನ ವಿಷಯ ಬೇರೆ. ನಮ್ಮ ರಸ್ತೆಯಾಚೆ ದನಗಳು ಮೇಯುವ ದೊಡ್ಡ ಹುಲ್ಲುಗಾವಲಿದೆ. ಅಲ್ಲಿ ಒಂದು ಮನೆಯೂ ಇಲ್ಲ. ಕಳೆದ ವಾರ ಸ್ಥಳೀಯ ಪತ್ರಿಕೆಯ ಕಾನೂನು ಪ್ರಕಟಣೆಗಳ ಪುಟದಲ್ಲಿ, ಹರಾಜಿನ ಜಾಹೀರಾತೊಂದರ ಕೆಳಗೆ, ಎರಡು ಬೆರಳಿನಷ್ಟು ಅಗಲದ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಆ ಜಮೀನಿಗೆ ಹೊಸ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ಒಂದನ್ನು ರಚಿಸುವ, ಅದಕ್ಕೆ ತೆರಿಗೆ ವಿಧಿಸುವ ಮತ್ತು ಬಾಂಡು, ಅಂದರೆ ಸಾಲಪತ್ರ, ಹೊರಡಿಸುವ ಅಧಿಕಾರ ಕೊಡುವ ಮಸೂದೆಯನ್ನು ಮುಂದಿನ ಅಧಿವೇಶನದಲ್ಲಿ ಮಂಡಿಸುವ ಉದ್ದೇಶವಿದೆ ಎಂದಷ್ಟೇ ಅದರಲ್ಲಿತ್ತು.

ನನಗೆ ಅರ್ಥವಾಗದಿರುವುದು ಇದು: ಜನರೇ ಇಲ್ಲದ ಜಾಗಕ್ಕೆ ತೆರಿಗೆ ಹಾಕುವ ಒಂದು ಸರ್ಕಾರವನ್ನು ಯಾರಿಗಾಗಿ ರಚಿಸುತ್ತಾರೆ? ಇಂಥ ಸಣ್ಣ ಕೆಲಸಕ್ಕೆ ಇಡೀ ರಾಜ್ಯದ ಶಾಸನಸಭೆ ಏಕೆ ಬೇಕು? ಇದರಿಂದ ನಮ್ಮ ತೆರಿಗೆಗಾಗಲಿ ನೀರಿಗಾಗಲಿ ತೊಂದರೆಯುಂಟೇ, ಇದ್ದರೆ ಯಾರ ಬಳಿ ಹೇಳಬೇಕು? ನಮಗೆ ಇನ್ನೂ ಪೌರತ್ವವಿಲ್ಲದ ಕಾರಣ ಮತದಾನದ ಹಕ್ಕು ಇಲ್ಲ ಎಂಬುದನ್ನೂ ಗಮನಿಸಿ ಉತ್ತರಿಸಬೇಕಾಗಿ ಕೋರುತ್ತೇನೆ.

ಲೆಕ್ಕಿಗ ಅವರ ಉತ್ತರ:

ತುಂಗಾತೀರ ಅವರೇ, ಆ ಪ್ರಕಟಣೆಯನ್ನು ಓದುವವರೇ ಅಪರೂಪ. ನೀವು ಓದಿದ್ದು ಒಳ್ಳೆಯದಾಯಿತು. ಟೆಕ್ಸಾಸ್ ಸಂವಿಧಾನದ ಪ್ರಕಾರ, ಇಂಥ ಡಿಸ್ಟ್ರಿಕ್ಟ್ ರಚಿಸುವ ಮಸೂದೆಯನ್ನು ಮಂಡಿಸುವುದಕ್ಕೆ ಕನಿಷ್ಠ 30 ದಿನ ಮುಂಚೆ ಆಯಾ ಕೌಂಟಿಯಲ್ಲಿ ಓದುವ ಪತ್ರಿಕೆಯಲ್ಲಿ ಅದರ ಸಾರಾಂಶವನ್ನು ಪ್ರಕಟಿಸಲೇಬೇಕು. ಶಾಸನಸಭೆಯ ನಿಯಮಿತ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಜನವರಿಯ ಎರಡನೆಯ ಮಂಗಳವಾರದಿಂದ ಆರಂಭಿಸಿ ಹೆಚ್ಚೆಂದರೆ 140 ದಿನ ನಡೆಯುವುದರಿಂದ, ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಇಂಥ ಪ್ರಕಟಣೆಗಳು ಮಳೆ ಬಿದ್ದಮೇಲಿನ ಅಣಬೆಗಳಂತೆ ಏಳುತ್ತವೆ.

ಹಿನ್ನೆಲೆಯನ್ನು ಸ್ವಲ್ಪ ಹೇಳಿದರೆ ಮುಂದಿನದು ಸುಲಭವಾಗುತ್ತದೆ. ಈ ರಾಜ್ಯದ ಮೂಲ ಸಂವಿಧಾನ ಸ್ಥಳೀಯ ಸಂಸ್ಥೆಗಳು ಸಾಲ ಮಾಡುವುದನ್ನು ಬಿಗಿಯಾಗಿ ಕಟ್ಟಿಹಾಕಿತ್ತು. 1904ರ ತಿದ್ದುಪಡಿ ನೀರಾವರಿ, ಚರಂಡಿ ಮತ್ತು ರಸ್ತೆಗಾಗಿ ಡಿಸ್ಟ್ರಿಕ್ಟ್‌ಗಳು ಸಾಲ ಮಾಡಬಹುದೆಂದು ಒಪ್ಪಿತಾದರೂ, ಸಾಲದ ಮೊತ್ತ ಅಲ್ಲಿನ ಸ್ಥಿರಾಸ್ತಿಯ ಮೌಲ್ಯದ ಕಾಲು ಭಾಗವನ್ನು ಮೀರಬಾರದು, ಮತದಾರರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು ಎಂದು ಷರತ್ತು ಹಾಕಿತು. ಅಷ್ಟರಲ್ಲಿ 1913ರ ಬ್ರಾಜೋಸ್ ನದಿಯ ಮಹಾ ಪ್ರವಾಹದಂಥ ಅನಾಹುತಗಳು, ನಡುನಡುವೆ ಬರಗಾಲಗಳು ಬಂದು, ಕಾಲು ಭಾಗದ ಸಾಲದಲ್ಲಿ ನೀರಿನ ಕೆಲಸ ಆಗದೆಂಬುದು ಮನವರಿಕೆಯಾಯಿತು. 1917ರಲ್ಲಿ ಜನರು ಅಂಗೀಕರಿಸಿದ ಸಂರಕ್ಷಣಾ ತಿದ್ದುಪಡಿ, ಅಂದರೆ 16ನೆಯ ಪರಿಚ್ಛೇದದ 59ನೆಯ ವಿಧಿ, ನೀರಿಗೆ ಸಂಬಂಧಿಸಿದ ಡಿಸ್ಟ್ರಿಕ್ಟ್‌ಗಳಿಗೆ ಆ ಮಿತಿಯನ್ನು ತೆಗೆದುಹಾಕಿತು. ಇಂದಿನ ಪ್ರತಿಯೊಂದು ಮಡ್ ನಿಂತಿರುವುದು ಈ ವಿಧಿಯ ಮೇಲೆ.

ಇನ್ನು ಶಾಸನಸಭೆಯೇ ಏಕೆ ಎಂಬುದು. ಮಡ್ ರಚನೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದನೆಯದರಲ್ಲಿ, ಜಮೀನಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಂದಿರುವ ಮಾಲೀಕರು ಟೆಕ್ಸಾಸ್ ಪರಿಸರ ಗುಣಮಟ್ಟ ಆಯೋಗಕ್ಕೆ ಅರ್ಜಿ ಸಲ್ಲಿಸುತ್ತಾರೆ. ಯೋಜನೆ ಕಾರ್ಯಸಾಧ್ಯವೇ, ಅಗತ್ಯವೇ, ಆ ಜಮೀನಿಗೆ ಪ್ರಯೋಜನವುಂಟೇ ಎಂದು ಆಯೋಗ ಪರಿಶೀಲಿಸುತ್ತದೆ. ಬಾಧಿತರಾಗುವ ನೆರೆಹೊರೆಯವರು ಸಾಕ್ಷ್ಯ ಹಾಗೂ ಪಾಟಿಸವಾಲು ಸಹಿತವಾದ ವಿಚಾರಣೆಯನ್ನು ಕೇಳಬಹುದು. ಎರಡನೆಯದು ವಿಶೇಷ ಕಾಯಿದೆ. ಇಲ್ಲಿ ಆ ವಿಚಾರಣೆ ಇರುವುದಿಲ್ಲ. ಆಯೋಗವು ಗವರ್ನರ್ ಹಾಗೂ ಎರಡೂ ಸದನಗಳ ಅಧ್ಯಕ್ಷರಿಗೆ ಒಂದು ಶಿಫಾರಸು ಕಳುಹಿಸುತ್ತದೆ, ಅದನ್ನು ಪಾಲಿಸಲೇಬೇಕೆಂದಿಲ್ಲ. ಜೊತೆಗೆ, ರಸ್ತೆ ನಿರ್ಮಿಸುವ ಅಧಿಕಾರ, ಮುಂದೆ ಡಿಸ್ಟ್ರಿಕ್ಟನ್ನು ಎರಡಾಗಿ ಮೂರಾಗಿ ಒಡೆಯುವ ಅಧಿಕಾರ, ಮೊದಲ ಐವರು ತಾತ್ಕಾಲಿಕ ನಿರ್ದೇಶಕರ ನೇಮಕದ ಬಗೆ, ಎಲ್ಲವನ್ನೂ ಬೇಕಾದ ಅಳತೆಗೆ ಹೊಲಿಸಿಕೊಳ್ಳಬಹುದು. ಸಿದ್ಧ ಉಡುಪು ಮತ್ತು ದರ್ಜಿಯ ಅಂಗಡಿಯ ವ್ಯತ್ಯಾಸವೆನ್ನಿ.

ಇಂಥ ಮಸೂದೆಗಳು ಕೆಳಮನೆಯಲ್ಲಿ ಸಾಮಾನ್ಯವಾಗಿ ಸ್ಥಳೀಯ ಹಾಗೂ ನಿರ್ವಿವಾದ ಮಸೂದೆಗಳ ಪಟ್ಟಿಯಲ್ಲಿ ಬರುತ್ತವೆ. ಆ ಕ್ಷೇತ್ರದ ಪ್ರತಿನಿಧಿ ತಂದ ಮಸೂದೆಗೆ ಉಳಿದವರು ಅಡ್ಡಿ ಹೇಳುವ ರೂಢಿ ಇಲ್ಲದ ಕಾರಣ, ಒಂದೊಂದು ಮಸೂದೆ ಒಂದೆರಡು ನಿಮಿಷದಲ್ಲಿ ದಾಟಿಹೋಗುತ್ತದೆ. ಆದ್ದರಿಂದ ನೀವು ಮಾತಾಡಬೇಕಾದ ಕಾಲ ಈಗ, ಮಸೂದೆ ಸದನಕ್ಕೆ ಬಂದ ಮೇಲೆ ಅಲ್ಲ. ಮಸೂದೆಯ ಪ್ರತಿಯನ್ನು ಕೌಂಟಿಯ ಆಡಳಿತ ನಡೆಸುವ ಕಮಿಷನರ್‌ಗಳ ಸಭೆಗೂ, ಆ ಜಮೀನು ಯಾವುದಾದರೂ ನಗರದ ವ್ಯಾಪ್ತಿಯೊಳಗಿದ್ದರೆ ಆ ನಗರಕ್ಕೂ ಕಳುಹಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಅವರು ಲಿಖಿತವಾಗಿ ಒಪ್ಪಿಗೆಯನ್ನೋ ವಿರೋಧವನ್ನೋ ಸಲ್ಲಿಸಬಹುದು. ಮೊದಲು ನಿಮ್ಮ ಭಾಗದ ಕಮಿಷನರ್ ಕಚೇರಿಗೆ, ನಂತರ ನಿಮ್ಮ ಪ್ರತಿನಿಧಿಯ ಕಚೇರಿಗೆ ಹೋಗಿ. ಕ್ಷೇತ್ರದ ನಿವಾಸಿಯಾಗಿ ಅಹವಾಲು ಹೇಳಲು ಮತದಾರರ ಚೀಟಿ ಬೇಕಿಲ್ಲ.

ಬಯಲುಸೀಮೆ ಅವರ ಉತ್ತರ:

ಲೆಕ್ಕಿಗರು ಕಾನೂನನ್ನು ಸರಿಯಾಗಿಯೇ ವಿವರಿಸಿದ್ದಾರೆ. ನಾನು ನಮ್ಮ ಬಡಾವಣೆಯ ಮಡ್‌ನಲ್ಲಿ ಒಂದು ಅವಧಿಗೆ ನಿರ್ದೇಶಕನಾಗಿದ್ದವನು. "ಜನರೇ ಇಲ್ಲದ ಜಾಗಕ್ಕೆ" ಎಂಬ ನಿಮ್ಮ ಪ್ರಶ್ನೆಗೆ ಒಳಗಿನಿಂದ ಕಂಡಂತೆ ಉತ್ತರಿಸುತ್ತೇನೆ.

ಕಾಯಿದೆ ಅಂಗೀಕಾರವಾದ ಮೇಲೂ, ಡಿಸ್ಟ್ರಿಕ್ಟ್ ಸ್ಥಿರಪಡಲು ಅದರೊಳಗಿನ ಮತದಾರರು ದೃಢೀಕರಣ ಚುನಾವಣೆಯಲ್ಲಿ ಒಪ್ಪಬೇಕು. ಮತದಾರರೇ ಇಲ್ಲದ ಹುಲ್ಲುಗಾವಲಿನಲ್ಲಿ ಮತದಾರರನ್ನು ಎಲ್ಲಿಂದ ತರುವುದು? ಒಂದು ಟ್ರೈಲರ್ ಮನೆಯನ್ನು ತಂದು ನಿಲ್ಲಿಸಿ, ಅದರಲ್ಲಿ ಒಬ್ಬಿಬ್ಬರನ್ನು ವಾಸಕ್ಕಿರಿಸಿ, ಅವರ ಹೆಸರನ್ನು ಆ ವಿಳಾಸದಲ್ಲಿ ನೋಂದಾಯಿಸಿ ಚುನಾವಣೆ ನಡೆಸಿದ ಪ್ರಸಂಗಗಳನ್ನು ಇಲ್ಲಿನ ಪತ್ರಿಕೆಗಳು ಹಲವು ಸಲ ವರದಿ ಮಾಡಿವೆ. ಅದೇ ಮತಪತ್ರದಲ್ಲಿ ಮುಂದಿನ ದಶಕಗಳಲ್ಲಿ ಹೊರಡಿಸಬಹುದಾದ ಬಾಂಡುಗಳಿಗೂ ಮಂಜೂರಾತಿ ಪಡೆಯುತ್ತಾರೆ. ಹಾಗಾಗಿ ಇನ್ನೂ ಅಡಿಪಾಯವೇ ಬೀಳದ ಮನೆಗಳ ಮೇಲಿನ ಕೋಟಿಗಟ್ಟಲೆ ಡಾಲರ್ ಸಾಲದ ಬಾಗಿಲು ಇಬ್ಬರು ಮೂವರ ಮತದಿಂದ ತೆರೆದುಕೊಂಡಿರುತ್ತದೆ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲವೆಂಬುದೇ ನನಗೆ ಇವತ್ತಿಗೂ ಜೀರ್ಣವಾಗದ ಸಂಗತಿ.

ನಿರ್ದೇಶಕರ ವಿಷಯವೂ ಹೀಗೆಯೇ. ನಿರ್ದೇಶಕನಾಗುವವನು ಆ ಡಿಸ್ಟ್ರಿಕ್ಟಿನ ಮತದಾರನಾಗಿರಬೇಕು, ಇಲ್ಲವೇ ಅಲ್ಲಿ ತೆರಿಗೆಗೆ ಒಳಪಡುವ ಜಮೀನು ಹೊಂದಿರಬೇಕು. ಆದ್ದರಿಂದ ಡೆವಲಪರ್, ಅಂದರೆ ಅಲ್ಲಿ ಬಡಾವಣೆ ನಿರ್ಮಿಸುವವನು, ತನಗೆ ಬೇಕಾದ ಐವರ ಹೆಸರಿಗೆ ತುಂಡು ಜಮೀನು ಬರೆದುಕೊಡುತ್ತಾನೆ. ನಾನು ಸೇರಿದ ಹೊಸದರಲ್ಲಿ ಹಳೆಯ ಕಡತಗಳಲ್ಲಿ ಅಂಥ ಒಂದು ಕ್ರಯಪತ್ರವನ್ನು ನೋಡಿದ್ದೆ: ನಮ್ಮ ಕಾರ್ ನಿಲ್ಲಿಸುವ ಜಾಗಕ್ಕಿಂತ ಹೆಚ್ಚೇನೂ ದೊಡ್ಡದಲ್ಲದ ಒಂದು ಪಟ್ಟಿ, ನಾಲ್ಕೂ ಬದಿಯ ದಿಕ್ಕು, ಅಡಿ, ಅಂಗುಲಗಳ ವರ್ಣನೆ ಮಾತ್ರ ಒಂದೂವರೆ ಪುಟ.

ಮುಂದಿನ ಹಣದ ಹರಿವು ಹೀಗಿರುತ್ತದೆ. ಡೆವಲಪರ್ ತನ್ನ ಹಣದಿಂದ ನೀರಿನ ಸ್ಥಾವರ, ಕೊಳವೆ, ಮ್ಯಾನ್‌ಹೋಲ್, ಮಳೆನೀರಿನ ಕೊಳ ಎಲ್ಲವನ್ನೂ ಕಟ್ಟಿಸುತ್ತಾನೆ. ಮನೆಗಳು ಏಳುತ್ತಾ ತೆರಿಗೆಯ ತಳಹದಿ ಬೆಳೆದಂತೆ, ಡಿಸ್ಟ್ರಿಕ್ಟ್ ಬಾಂಡು ಮಾರಿ ಅವನ ಖರ್ಚನ್ನು ಬಡ್ಡಿಯ ಸಮೇತ ತೀರಿಸುತ್ತದೆ. ಬಾಂಡಿನ ಸಾಲವನ್ನು ಮನೆ ಕೊಂಡವರು ಆಸ್ತಿ ತೆರಿಗೆಯಾಗಿ ತೀರಿಸುತ್ತಾರೆ. ನಿಮ್ಮ ಮನೆಯ ಮೌಲ್ಯ 4,00,000 ಡಾಲರ್, ಮಡ್ ದರ ನೂರು ಡಾಲರಿಗೆ 85 ಸೆಂಟ್ ಎಂದಿಟ್ಟುಕೊಂಡರೆ ವರ್ಷಕ್ಕೆ 3,400 ಡಾಲರ್ ಆಯಿತು. ಶಾಲೆಯ ಮತ್ತು ಕೌಂಟಿಯ ತೆರಿಗೆ ಬೇರೆ. ಸಾಲ ತೀರಿಸುವ ತೆರಿಗೆಗೆ ದರದ ಮಿತಿಯೇ ಇರುವುದಿಲ್ಲ. ಮನೆಗಳು ತುಂಬಿದಂತೆ ದರ ಇಳಿಯುವುದು ವಾಡಿಕೆ, ಆದರೆ ನಡುವೆ ಕಟ್ಟಡದ ಕೆಲಸ ನಿಂತುಹೋದರೆ ಮೊದಲು ಬಂದು ಸೇರಿದವರೇ ಭಾರ ಹೊರಬೇಕಾಗುತ್ತದೆ.

ನೆಮ್ಮದಿಯ ಮಾತೆಂದರೆ, ಒಂದು ಮಡ್‌ನ ತೆರಿಗೆ ಪಕ್ಕದ ಮಡ್‌ನವರಿಗೆ ತಟ್ಟುವುದಿಲ್ಲ. ನಿಮ್ಮ ಬೇಲಿ ಆ ಮಸೂದೆಯ ಗಡಿವಿವರಣೆಯ ಹೊರಗಿದೆಯೇ ಎಂಬುದನ್ನು ಮಾತ್ರ ಕಣ್ಣಾರೆ ನೋಡಿಕೊಳ್ಳಿ.

ಹಳೇ ಬಸವನಗುಡಿ ಅವರ ಉತ್ತರ:

ನಾನು ಟೆಕ್ಸಾಸಿನವನಲ್ಲ, ಮಗಳ ಮನೆಗೆ ವರ್ಷಕ್ಕೊಮ್ಮೆ ಬರುವವನು. ಆದರೂ ಒಂದು ಮಾತು ಸೇರಿಸಲು ಅನುಮತಿ ಕೊಡಿ. ನಮ್ಮ ಬೆಂಗಳೂರು ಜಲಮಂಡಳಿಯೂ 1964ರಲ್ಲಿ ರಾಜ್ಯ ಶಾಸನಸಭೆಯ ಕಾಯಿದೆಯಿಂದಲೇ ಹುಟ್ಟಿದ್ದು. ಹೋಲಿಕೆ ಅಲ್ಲಿಗೇ ಮುಗಿಯಿತು. ಮಂಡಳಿಯ ಸದಸ್ಯರನ್ನು ಜನ ಆರಿಸುವುದಿಲ್ಲ, ಸರ್ಕಾರ ನೇಮಿಸುತ್ತದೆ. ಮಂಡಳಿ ನೀರಿನ ದರವನ್ನೂ ಸಂಪರ್ಕದ ಶುಲ್ಕವನ್ನೂ ಪಡೆಯಬಹುದೇ ಹೊರತು ಆಸ್ತಿ ತೆರಿಗೆ ಹಾಕುವಂತಿಲ್ಲ. ದೊಡ್ಡ ಕೆಲಸಕ್ಕೆ ಸರ್ಕಾರದ ಅನುದಾನವನ್ನೋ ಹೊರಗಿನ ಸಾಲವನ್ನೋ ಕಾಯಬೇಕು.

ಅದರ ಪರಿಣಾಮ ನಿಮಗೆಲ್ಲ ಗೊತ್ತಿರುವುದೇ. 2007ರಲ್ಲಿ 110 ಹಳ್ಳಿಗಳನ್ನು ನಗರಪಾಲಿಕೆಗೆ ಸೇರಿಸಿದರು. ಆ ಹಳ್ಳಿಗಳಿಗೆ ನೀರುಣಿಸುವ ಕಾವೇರಿ ಐದನೆಯ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ 17 ವರ್ಷ ಜನ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಬದುಕಿದರು. ಮೊನ್ನೆ ಮಗಳ ಮನೆಯ ಹಿಂದೆ ನಡೆದಾಡಲು ಹೋದಾಗ, ಒಂದೂ ಮನೆಯಿಲ್ಲದ ಬಯಲಿನಲ್ಲಿ ಡಾಂಬರು ರಸ್ತೆ, ಬೀದಿದೀಪ, ಪ್ರತಿ ತಿರುವಿನಲ್ಲೂ ಬೆಂಕಿ ಆರಿಸುವ ನೀರಿನ ನಲ್ಲಿ ಸಾಲಾಗಿ ನಿಂತಿದ್ದನ್ನು ಕಂಡೆ. ಒಂದು ನಲ್ಲಿಯ ನೆತ್ತಿಯ ಮೇಲೆ ಹಕ್ಕಿ ಕೂತಿತ್ತು. ಬಯಲುಸೀಮೆಯವರು ಹೇಳಿದ ಟ್ರೈಲರ್ ಮತದಾರರ ಕಥೆ ನಗೆ ತರಿಸುತ್ತದೆ, ಒಪ್ಪಿದೆ. ಆದರೆ ಮನೆಗಿಂತ ಮೊದಲು ಕೊಳವೆ ಬರುವ ವ್ಯವಸ್ಥೆಯನ್ನು ಟ್ಯಾಂಕರಿಗೆ ದುಡ್ಡು ತೆತ್ತ ನಾನು ಅಷ್ಟು ಸುಲಭವಾಗಿ ಬೈಯಲಾರೆ.

ತುಂಗಾತೀರ ಅವರ ಪ್ರತಿಕ್ರಿಯೆ:

ಮೂವರಿಗೂ ಧನ್ಯವಾದಗಳು. ಹಿರಿಯರು ಹೇಳಿದ್ದೂ ಮನಸ್ಸಿಗೆ ಬಂತು. ಹಿಂದಿನ ಅಧಿವೇಶನದಲ್ಲಿ ಅಂಗೀಕಾರವಾದ ಇಂಥದೇ ಒಂದು ಮಸೂದೆಯನ್ನು ಶಾಸನಸಭೆಯ ಜಾಲತಾಣದಿಂದ ಇಳಿಸಿಕೊಂಡು ಓದಲು ಕುಳಿತೆ. ಎರಡು ಕಡೆ ತಡವರಿಸಿದೆ. ಒಂದು ಕಡೆ, ಈ ಕಾಯಿದೆಗೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಾರದಿದ್ದರೆ ಡಿಸ್ಟ್ರಿಕ್ಟಿಗೆ ಭೂಸ್ವಾಧೀನದ ಅಧಿಕಾರವಿಲ್ಲ ಎಂದಿದೆ. ಇನ್ನೊಂದು ಕಡೆ, ರಸ್ತೆಗಾಗಿ ಹೊರಡಿಸುವ ಬಾಂಡು ಸ್ಥಿರಾಸ್ತಿಯ ಮೌಲ್ಯದ ಕಾಲು ಭಾಗವನ್ನು ಮೀರುವಂತಿಲ್ಲ ಎಂದಿದೆ. ಕಾಲು ಭಾಗದ ಮಿತಿಯನ್ನು 1917ರಲ್ಲೇ ತೆಗೆದುಹಾಕಿದರು ಎಂದು ಲೆಕ್ಕಿಗರು ಬರೆದಿದ್ದರಲ್ಲವೇ?

ಲೆಕ್ಕಿಗ ಅವರ ಉತ್ತರ:

ಸೂಕ್ಷ್ಮವಾಗಿ ಓದಿದ್ದೀರಿ. 1917ರ ತಿದ್ದುಪಡಿ ನೀರಿನ ಕೆಲಸಗಳಿಗೆ ಮಾತ್ರ ಮಿತಿಯನ್ನು ಸಡಿಲಿಸಿತು. ರಸ್ತೆಗೆ 1904ರ ವಿಧಿಯೇ ಇವತ್ತಿಗೂ ಆಧಾರ. ಆದ್ದರಿಂದ ಈಗ ಬರೆಯುವ ಹೊಸ ಮಸೂದೆಯಲ್ಲೂ ಆ ಕಾಲು ಭಾಗದ ಸಾಲು, ಮೂರನೇ ಎರಡರಷ್ಟು ಮತದಾರರ ಒಪ್ಪಿಗೆಯ ಷರತ್ತಿನ ಸಮೇತ, ರಸ್ತೆಯ ಅಧ್ಯಾಯದಲ್ಲಿ ಕಾಣಿಸುತ್ತದೆ. ಟ್ರೈಲರಿನಲ್ಲಿ ಇರುವವರೇ ಇಬ್ಬರಾದರೆ ಮೂರನೇ ಎರಡು ಎಂಬುದು ಎಷ್ಟು ದೊಡ್ಡ ತಡೆಯೆಂದು ಬಯಲುಸೀಮೆಯವರು ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಭೂಸ್ವಾಧೀನದ ಸಾಲಿಗೆ ಮೂಲ 2009ರ ಸಂವಿಧಾನ ತಿದ್ದುಪಡಿ. ಅದಾದ ಮೇಲೆ ಶಾಸನಸಭೆ ಯಾವುದೇ ಸಂಸ್ಥೆಗೆ ಭೂಸ್ವಾಧೀನದ ಅಧಿಕಾರ ಕೊಡಬೇಕಾದರೆ ಎರಡೂ ಸದನಗಳ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಹೀಗಾಗಿ ಮಸೂದೆ ಬರೆಯುವವರು ಎರಡೂ ಸಾಧ್ಯತೆಗೆ ಸಿದ್ಧವಾಗಿ ಆ ವಾಕ್ಯವನ್ನು ಇಡುತ್ತಾರೆ. ಕಾಯಿದೆಯಾಗಿ ಬಂದ ಪ್ರತಿಯ ಕೊನೆಯಲ್ಲಿ ಮತಗಳ ಲೆಕ್ಕ ಅಚ್ಚಾಗಿರುತ್ತದೆ. ಅದನ್ನು ನೋಡಿದರೆ ಆ ಅಧಿಕಾರ ದಕ್ಕಿತೇ ಇಲ್ಲವೇ ಎಂಬುದು ತಿಳಿಯುತ್ತದೆ. ಹೊಸ ಡಿಸ್ಟ್ರಿಕ್ಟಿನ ಕೊಳವೆ ನಿಮ್ಮ ಕಡೆಯ ಯಾರದೋ ಹಿತ್ತಿಲನ್ನು ಹಾದುಹೋಗಬೇಕಾದರೆ ಈ ಒಂದು ಸಾಲು ಮುಖ್ಯವಾಗುತ್ತದೆ.

ನೀರಿನ ಬಗ್ಗೆ ಕೇಳಿದ್ದಿರಿ. ಹ್ಯೂಸ್ಟನ್ ಸುತ್ತಮುತ್ತ ಅಂತರ್ಜಲವನ್ನು ಅತಿಯಾಗಿ ಎತ್ತಿದ್ದರಿಂದ ನೆಲವೇ ಕುಸಿದಿದೆ. ಬೇಟೌನಿನ ಬ್ರೌನ್‌ವುಡ್ ಎಂಬ ಬಡಾವಣೆ ಕುಸಿದು ಕುಸಿದು, 1983ರ ಅಲೀಶಿಯಾ ಚಂಡಮಾರುತದ ನಂತರ ವಾಸಕ್ಕೆ ಬಾರದಂತಾಗಿ, ಈಗ ಅದೊಂದು ಪ್ರಕೃತಿಧಾಮವಾಗಿದೆ. ಇದನ್ನು ತಡೆಯಲು ಶಾಸನಸಭೆ ಇದೇ 59ನೆಯ ವಿಧಿಯನ್ನು ಬಳಸಿ 1975ರಲ್ಲಿ ಹ್ಯಾರಿಸ್ ಮತ್ತು ಗ್ಯಾಲ್ವೆಸ್ಟನ್ ಕೌಂಟಿಗಳಿಗೆ, 1989ರಲ್ಲಿ ನಿಮ್ಮ ಫೋರ್ಟ್ ಬೆಂಡಿಗೆ ಭೂಕುಸಿತ ನಿಯಂತ್ರಣ ಡಿಸ್ಟ್ರಿಕ್ಟ್‌ಗಳನ್ನು ರಚಿಸಿತು. ನದಿ ಮತ್ತು ಜಲಾಶಯದ ನೀರಿಗೆ ಬದಲಾಯಿಸಿಕೊಳ್ಳಲು 2005ರಲ್ಲಿ ನಾರ್ತ್ ಫೋರ್ಟ್ ಬೆಂಡ್ ವಾಟರ್ ಅಥಾರಿಟಿ ಹುಟ್ಟಿತು. ನಿಮ್ಮ ಮನೆ ಅದರ ವ್ಯಾಪ್ತಿಯಲ್ಲಿದ್ದರೆ, ನೀರಿನ ಬಿಲ್ಲಿನಲ್ಲಿ ಮಡ್ ದರದ ಕೆಳಗೆ ಅದರ ಶುಲ್ಕ ಪ್ರತ್ಯೇಕ ಸಾಲಾಗಿ ಕಾಣಬೇಕು. ಎದುರಿನ ಹೊಸ ಮಡ್ ಬಾವಿ ತೋಡಿದರೂ ಈ ನಿಯಂತ್ರಣದೊಳಗೇ ತೋಡಬೇಕು. ಹೀಗಾಗಿ ನಿಮ್ಮ ನಲ್ಲಿ ಬತ್ತುವ ಭಯ ಬೇಡ, ಮಳೆನೀರು ಎತ್ತ ಹರಿಯುತ್ತದೆಂಬುದರ ಮೇಲೆ ಕಣ್ಣಿಡಿ.

ಬಯಲುಸೀಮೆ ಅವರ ಉತ್ತರ:

ಹಿರಿಯರೇ, ನೀವು ಕಂಡ ಕೊಳವೆಗಳನ್ನು ನಾನು ಅಲ್ಲಗಳೆಯುವುದಿಲ್ಲ; ನಮ್ಮ ನೀರಿನ ಸ್ಥಾವರವೂ ಅಚ್ಚುಕಟ್ಟಾಗಿಯೇ ನಡೆಯುತ್ತಿತ್ತು. ನನ್ನ ತಕರಾರು ಕೊಳವೆಯ ಬಗ್ಗೆ ಅಲ್ಲ, ಜನ ಬಂದು ನೆಲೆಸಿದ ಮೇಲೂ ಕುರ್ಚಿಗಳು ಖಾಲಿಯಾಗದಿರುವ ಬಗ್ಗೆ. ನಿರ್ದೇಶಕರ ಅವಧಿ ನಾಲ್ಕು ವರ್ಷ. ಸಮ ಸಂಖ್ಯೆಯ ವರ್ಷಗಳಲ್ಲಿ ಸರದಿಯಂತೆ ಚುನಾವಣೆ. ಎದುರಾಳಿಯೇ ಇಲ್ಲದಿದ್ದರೆ ಚುನಾವಣೆಯನ್ನು ರದ್ದುಮಾಡಿ ಇದ್ದವರನ್ನೇ ಆಯ್ಕೆಯಾದವರೆಂದು ಘೋಷಿಸಲು ಕಾನೂನಿನಲ್ಲಿ ಅವಕಾಶವಿದೆ. ನಮ್ಮಲ್ಲಿ ಮನೆಗಳೆಲ್ಲ ತುಂಬಿ ವರ್ಷಗಳಾಗಿದ್ದರೂ, ಸಭೆ ಮಾತ್ರ ಹ್ಯೂಸ್ಟನ್ ನಗರದ ನಡುವಿನ ಒಂದು ವಕೀಲರ ಕಚೇರಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ನಡೆಯುತ್ತಿತ್ತು. ನಾನು ನಿವಾಸಿಯಾಗಿ ಮೊದಲ ಸಲ ಹೋದಾಗ ಸ್ವಾಗತಕಾರಿಣಿ ಯಾವ ಸಭೆಯೆಂದು ಎರಡು ಸಲ ಕೇಳಿ, ಒಳಗೆ ಫೋನ್ ಮಾಡಿ, ಕುರ್ಚಿ ಹಾಕಿಸಿದರು. ಸಾರ್ವಜನಿಕರ ಕುರ್ಚಿ ಅದೊಂದೇ.

ತುಂಗಾತೀರ ಅವರೇ, ನಿಮ್ಮ ಸ್ವಂತ ಮಡ್‌ಗೂ ಇದು ಅನ್ವಯಿಸುತ್ತದೆ, ಆದ್ದರಿಂದ ಹೇಳುತ್ತಿದ್ದೇನೆ. ಒಂದಷ್ಟು ಮತದಾರರು ಸಹಿ ಹಾಕಿ ಕೇಳಿದರೆ ಸಭೆಯನ್ನು ಡಿಸ್ಟ್ರಿಕ್ಟಿನ ಒಳಗೋ ಸಮೀಪಕ್ಕೋ ತರಬೇಕಾಗುತ್ತದೆ. ಸಹಿಗೆ ಮತದಾರರೇ ಬೇಕು, ನಿಜ. ಆದರೆ ಕಾರ್ಯಸೂಚಿಯ ಯಾವುದೇ ವಿಷಯದ ಮೇಲೆ ಸಾರ್ವಜನಿಕರು ಮಾತಾಡಲು 2019ರ ಕಾಯಿದೆ ಅವಕಾಶ ಕೊಟ್ಟಿದೆ, ದಾಖಲೆಗಳನ್ನು ಕೇಳಿ ಪಡೆಯಲು ಯಾರಿಗೂ ಅಡ್ಡಿಯಿಲ್ಲ. ಈ ಎರಡಕ್ಕೂ ಪೌರತ್ವ ಕೇಳುವುದಿಲ್ಲ. ವೀಸಾದ ಮೇಲಿದ್ದೇವೆಂದು ತೆರಿಗೆ ಕಟ್ಟಿ ಸುಮ್ಮನಿರುವ ನಮ್ಮವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಒಂದು ಕಾಲದಲ್ಲಿ ನಾನೂ ಅವರಲ್ಲೊಬ್ಬನಾಗಿದ್ದೆ.

ತುಂಗಾತೀರ ಅವರ ಪ್ರತಿಕ್ರಿಯೆ:

ಎಲ್ಲರಿಗೂ ಮತ್ತೊಮ್ಮೆ ಕೃತಜ್ಞತೆಗಳು. ಪ್ರಕಟಣೆಯ ಕೆಳಗಿದ್ದ ಸಂಖ್ಯೆಗೆ ಕರೆ ಮಾಡಿದೆ. ಕರಡು ಮಸೂದೆಯನ್ನೂ ಗಡಿವಿವರಣೆಯನ್ನೂ ಸಂಜೆಯೊಳಗೆ ಮಿಂಚಂಚೆಯಲ್ಲಿ ಕಳುಹಿಸಿದರು; ಅಷ್ಟು ಸೌಜನ್ಯವನ್ನು ನಾನು ನಿರೀಕ್ಷಿಸಿರಲಿಲ್ಲ. ನಾನೂ ಪತಿಯವರೂ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು, "ಉತ್ತರದಿಂದ ಇಷ್ಟು ಡಿಗ್ರಿ ಪೂರ್ವಕ್ಕೆ, ಇಷ್ಟು ಅಡಿ, ಕಬ್ಬಿಣದ ಸರಳಿನವರೆಗೆ" ಎಂದು ಒಬ್ಬರು ಓದಿ ಇನ್ನೊಬ್ಬರು ಗೆರೆ ಎಳೆಯುತ್ತಾ ಹೋದೆವು. ಗಡಿ ನಮ್ಮ ರಸ್ತೆಯ ಆಚೆಯ ಬದಿಯಲ್ಲೇ ನಿಲ್ಲುತ್ತದೆ. ಆ ಮಟ್ಟಿಗೆ ನಿರಾಳ. ಆದರೆ ದಕ್ಷಿಣದ ಮೂಲೆಯಲ್ಲಿ ಅದು ನಮ್ಮ ಮಡ್‌ನ ಮಳೆನೀರು ಹರಿದುಹೋಗುವ ತೆರೆದ ಕಾಲುವೆಯನ್ನು ಮುಟ್ಟುತ್ತದೆ. ಜೋರು ಮಳೆ ಬಂದಾಗ ಆ ಕಾಲುವೆ ಈಗಲೇ ಅಂಚಿನವರೆಗೆ ತುಂಬುತ್ತದೆ. ಹುಲ್ಲುಗಾವಲು ಕಾಂಕ್ರೀಟಾದ ಮೇಲಿನ ನೀರು ಅದಕ್ಕೇ ಬರುವುದೇ ಅಥವಾ ಅವರು ಬೇರೆ ಕೊಳ ತೋಡುವರೇ ಎಂಬ ಒಂದು ಪ್ರಶ್ನೆಯನ್ನಷ್ಟೇ ಬರೆದುಕೊಂಡು, ಹೋದ ಮಳೆಗಾಲದಲ್ಲಿ ತೆಗೆದ ಎರಡು ಫೋಟೋಗಳ ಜೊತೆ, ಮಂಗಳವಾರ ಬೆಳಿಗ್ಗೆ ಕಮಿಷನರ್ ಕಚೇರಿಗೆ ಹೋಗುತ್ತಿದ್ದೇವೆ. ಉತ್ತರ ಬಂದ ಮೇಲೆ ಇಲ್ಲಿ ತಿಳಿಸುತ್ತೇನೆ.